ಓಟದ ಕುದುರೆಗೆ ನಾಲ್ಕು ಬಾಗಿಲು

ಮಗ್ಗದ ಸದ್ದು ಕೇಳದ ಬೀದಿ ಸೋಮನೂರಿನಲ್ಲಿ ಅಪರೂಪ. ಅಂತಹ ಊರಿನ ಕನ್ನಡ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಯಲ್ಲಿ ಇಟಲಿ ದೇಶದ ಮೋಟಾರು ಕಾರಿನ ವಿಚಾರವೇಕೆ ಎಂದು ಹಿರಿಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಇಂದಿನ ನಮ್ಮ ಹುಡುಗರ ನೋಟುಬುಕ್ಕಿನ ಕೊನೆಯ ಹಾಳೆಯನ್ನು ತಿರುವಿ ನೋಡಿದವರಿಗೆ ಈ ಪ್ರಶ್ನೆ ಹುಟ್ಟಲಾರದು. ಅಲ್ಲಿ ಲೆಕ್ಕಕ್ಕಿಂತ ಹೆಚ್ಚಾಗಿ ಕಾಣುವುದು ಕಾರಿನ ಚಿತ್ರಗಳು. ಅಲ್ಲದೆ, ಒಂದೇ ಕಸುಬಿನಿಂದ ಹೆಸರು ಗಳಿಸಿದವರು ಕಾಲದ ಒತ್ತಡಕ್ಕೆ ಸಿಲುಕಿ ಬೇರೊಂದು ಸರಕನ್ನು ತಯಾರಿಸಲು ಹೊರಟಾಗ ಆ ಹೆಸರು ಉಳಿಯುವುದೋ ಅಳಿಯುವುದೋ ಎಂಬುದು ನೇಕಾರರಾದ ನಮಗೆ ಪರಕೀಯವಾದ ಪ್ರಶ್ನೆಯಲ್ಲ.

ಕೊಯಮತ್ತೂರು ಸೀಮೆಗೂ ಮೋಟಾರಿಗೂ ಹಳೆಯ ನಂಟು. ಪೊಳ್ಳಾಚಿ–ಪಳನಿ ದಾರಿಯಲ್ಲಿ 1920ರಲ್ಲಿ ಒಂದೇ ಒಂದು ಬಸ್ಸು ಓಡಿಸಿ ಉದ್ಯಮ ಕಟ್ಟಿದ ಜಿ. ಡಿ. ನಾಯುಡು ಅವರ ಹೆಸರಿನ ನೆನಪಿಗೆ ಅವಿನಾಶಿ ರಸ್ತೆಯಲ್ಲಿ ಇಂದು ಹಳೆಯ ಕಾರುಗಳ ಸಂಗ್ರಹಾಲಯವಿದೆ. ಮಾರುತಿ 800ರ ಪುಟ್ಟ ಯಂತ್ರವನ್ನು ಒಂಟಿ ಆಸನದ ಓಟದ ಕಾರಿಗೆ ಜೋಡಿಸಿ, ಬಡ ದೇಶದ ತರುಣರೂ ಪಂದ್ಯಕ್ಕಿಳಿಯುವಂತೆ ಮಾಡಿದ ಎಸ್. ಕರಿವರ್ಧನ್ ಈ ನಗರದವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರನ್ನೇ ಚೆಟ್ಟಿಪಾಳೆಯದ ಪಂದ್ಯದ ಪಥವು ಹೊತ್ತಿದೆ. 2005ರಲ್ಲಿ ಫಾರ್ಮುಲಾ ಒನ್ ಪಂದ್ಯದಲ್ಲಿ ಭಾಗವಹಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಹುಟ್ಟಿದ್ದೂ ಕೊಯಮತ್ತೂರಿನಲ್ಲೇ. ಕರಿವರ್ಧನ್ ಸಂಸಾರದ ಕಾರಿನ ಯಂತ್ರದಿಂದ ಓಟದ ಕಾರನ್ನು ಮಾಡಿದರು. ನಾವೀಗ ನೋಡಹೊರಟಿರುವುದು ಅದರ ತಿರುವುಮುರುವು: ಓಟದ ಕಾರಿನ ಮನೆತನವೊಂದು ಸಂಸಾರದ ವಾಹನವನ್ನು ಮಾಡಲು ಹೊರಟ ಕಥೆ.

ಜೀಪಿನ ಜಾತಿ, ಕುದುರೆಯ ಜಾತಿ

ಎಸ್.ಯು.ವಿ. ಎಂದು ಇಂದು ಎಲ್ಲರ ಬಾಯಲ್ಲಿರುವ ವಾಹನ ಮೂಲತಃ ನಮ್ಮ ಜೀಪಿನ ಬಂಧು. ಎತ್ತರದ ಮೈ, ನೆಲಕ್ಕೆ ತಗಲದ ಹೊಟ್ಟೆ, ಕುಟುಂಬವೆಲ್ಲ ಕೂರಲು ಜಾಗ, ಸಾಮಾನಿಗೆ ಹಿಂದೆ ಕೋಣೆ, ಇವು ಅದರ ಲಕ್ಷಣ. ಓಟದ ಕಾರಿನ ಲಕ್ಷಣಗಳು ಇದಕ್ಕೆ ಸರಿಯಾಗಿ ವಿರುದ್ಧವಾದವು. ಅದು ನೆಲಕ್ಕೆ ಅಂಟಿದಂತಿರಬೇಕು, ಹಗುರವಾಗಿರಬೇಕು, ಇಬ್ಬರು ಕೂತರೆ ಸಾಕು.

ಈ ವಿರೋಧ ಬರಿಯ ಅಂದಚಂದದ್ದಲ್ಲ, ಭೌತಶಾಸ್ತ್ರದ್ದು. ನೂಲಿನ ಮೂಟೆಗಳನ್ನು ಎತ್ತರಕ್ಕೆ ಪೇರಿಸಿದ ವ್ಯಾನು ಕರುಮತ್ತಂಪಟ್ಟಿಯ ತಿರುವಿನಲ್ಲಿ ಹೇಗೆ ಹೊರಕ್ಕೆ ವಾಲುತ್ತದೆಂದು ನಾವೆಲ್ಲ ಕಂಡಿದ್ದೇವೆ. ಭಾರದ ಕೇಂದ್ರ ಮೇಲೇರಿದಷ್ಟೂ ವಾಹನ ತಿರುವಿನಲ್ಲಿ ಹೆಚ್ಚು ವಾಲುತ್ತದೆ, ಹೊರಗಿನ ಚಕ್ರಗಳ ಮೇಲೆ ಹೊರೆ ಹೆಚ್ಚುತ್ತದೆ, ಒಳಗಿನ ಚಕ್ರಗಳ ಹಿಡಿತ ಸಡಿಲುತ್ತದೆ. ಆದ್ದರಿಂದ ಓಟದ ಕಾರಿನ ಅಭಿಮಾನಿಗೆ ಎಸ್.ಯು.ವಿ. ಎಂದರೆ ಪಂದ್ಯದ ಕುದುರೆಯ ಹೆಗಲಿಗೆ ನೊಗ ಕಟ್ಟಿದ ಹಾಗೆ.

ಮೊದಲು ಹೊಳೆ ದಾಟಿದವರು

ಈ ಹೊಳೆಯನ್ನು ಧೈರ್ಯವಾಗಿ ದಾಟಿ, ದಡದಲ್ಲಿ ನಿಂತವರಿಗೆ ದಾರಿ ತೋರಿಸಿದ್ದು ಜರ್ಮನಿಯ ಪೋರ್ಷೆ ಸಂಸ್ಥೆ. 1986ರಲ್ಲಿ ಅಮೆರಿಕವೊಂದರಲ್ಲೇ 30 ಸಾವಿರ ಕಾರುಗಳನ್ನು ಮಾರಿದ್ದ ಆ ಸಂಸ್ಥೆ 1993ರ ಹೊತ್ತಿಗೆ ಅಲ್ಲಿ 4 ಸಾವಿರವನ್ನೂ ಮಾರಲಾಗದೆ ಮುಳುಗುವ ಸ್ಥಿತಿಗೆ ಬಂದಿತ್ತು. ಆಗ ಚುಕ್ಕಾಣಿ ಹಿಡಿದ ವೆಂಡೆಲಿನ್ ವೀಡೆಕಿಂಗ್ ಮೊದಲು ಕಾರ್ಖಾನೆಯ ದುಂದನ್ನು ಕಡಿದರು. 1996ರಲ್ಲಿ ಬಾಕ್ಸ್‌ಸ್ಟರ್ ಎಂಬ ಅಗ್ಗದ ಕಾರನ್ನು ತಂದರು. ಬಳಿಕ ಫೋಕ್ಸ್‌ವಾಗನ್ ಸಂಸ್ಥೆಯೊಡನೆ ಕೂಡಿ ಎಸ್.ಯು.ವಿ. ಮಾಡುವುದಾಗಿ 1998ರಲ್ಲಿ ಪ್ರಕಟಿಸಿದರು. ಅಭಿಮಾನಿಗಳಲ್ಲಿ ಅನೇಕರು ಎದೆ ಬಡಿದುಕೊಂಡರು. ಕಯೆನ್ ಎಂಬ ಆ ವಾಹನ 2002ರಲ್ಲಿ ಹೊರಬಂದಾಗ ಅದರ ಮೈಯನ್ನು ಸ್ಲೊವಾಕಿಯಾ ದೇಶದ ಫೋಕ್ಸ್‌ವಾಗನ್ ಕಾರ್ಖಾನೆಯಲ್ಲಿ ಮಾಡಿ, ಕೊನೆಯ ಜೋಡಣೆಯನ್ನು ಲೈಪ್‌ಸಿಗ್ ನಗರದ ಹೊಸ ಕಾರ್ಖಾನೆಯಲ್ಲಿ ನಡೆಸುತ್ತಿದ್ದರು. ಇನ್ನೊಬ್ಬರ ನೂಲು ತಂದು ನೇಯ್ದು ತನ್ನ ಮುದ್ರೆ ಒತ್ತುವುದೆಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಗಿರಾಕಿ ಒಪ್ಪಿದ. 2020ರ ಕೊನೆಗೆ ಹತ್ತು ಲಕ್ಷದ ಕಯೆನ್ ತಯಾರಾಯಿತು. ಅದು ತಂದ ಲಾಭದಿಂದಲೇ ಪೋರ್ಷೆಯ ಹಳೆಯ ಓಟದ ಕಾರು 911 ಕೂಡ ಬದುಕಿತು, ಬೆಳೆಯಿತು.

ದಾರಿ ತೆರೆದ ಮೇಲೆ ಒಬ್ಬೊಬ್ಬರಾಗಿ ಬಂದರು. ಟ್ರಾಕ್ಟರು ಮಾಡುತ್ತಿದ್ದ ಫೆರುಚ್ಚೊ ಲ್ಯಾಂಬೋರ್ಗಿನಿ 1963ರಲ್ಲಿ ಆರಂಭಿಸಿದ ಸಂಸ್ಥೆ 1986ರಲ್ಲೇ ಎಲ್.ಎಂ. 002 ಎಂಬ ದೈತ್ಯ ಜೀಪನ್ನು ತಂದು ಸುಮಾರು 300ಕ್ಕೆ ನಿಲ್ಲಿಸಿತ್ತು. 2017ರ ಡಿಸೆಂಬರಿನಲ್ಲಿ ಉರುಸ್ ಎಂಬ ಹೊಸ ವಾಹನವನ್ನು ಅನಾವರಣ ಮಾಡಿತು. 650 ಅಶ್ವಶಕ್ತಿಯ ಈ ವಾಹನ 2018ರ ಜನವರಿಯಲ್ಲಿ ಭಾರತಕ್ಕೆ ಬಂದಾಗ ಬೆಲೆ 3 ಕೋಟಿ ರೂಪಾಯಿ. ಉರುಸ್ ಎಂದರೆ ಸಾಕುದನಗಳ ಪೂರ್ವಜವಾದ ಕಾಡೆತ್ತು. ಕಾಂಗೇಯದ ಎತ್ತನ್ನು ಕಂಡು ಬೆಳೆದ ನಮಗೆ ಆ ಹೆಸರಿನ ಗತ್ತು ಸುಲಭವಾಗಿ ಅರ್ಥವಾಗುತ್ತದೆ. 2016ರಲ್ಲಿ ಮಾಸೆರಾಟಿ, 2019ರಲ್ಲಿ ಬ್ರಿಟನ್ನಿನ ಆಸ್ಟನ್ ಮಾರ್ಟಿನ್ ಇದೇ ಹಾದಿ ಹಿಡಿದವು. ಹಗುರತನವನ್ನೇ ವ್ರತವಾಗಿಟ್ಟುಕೊಂಡಿದ್ದ ಲೋಟಸ್ ಸಂಸ್ಥೆ 2022ರಲ್ಲಿ ವಿದ್ಯುತ್ತಿನಿಂದ ಓಡುವ ಭಾರಿ ಎಸ್.ಯು.ವಿ.ಯನ್ನು ಪ್ರಕಟಿಸಿತು.

ಊಹೆಗಳ ಕಾಲ

ಉಳಿದದ್ದು ಒಂದೇ ದೊಡ್ಡ ಹೆಸರು, ನೆಗೆಯುವ ಕಪ್ಪು ಕುದುರೆಯ ಲಾಂಛನದ ಫೆರಾರಿ. 1947ರಿಂದ ತನ್ನ ಹೆಸರಿನ ಕಾರುಗಳನ್ನು ಮಾಡುತ್ತ ಬಂದ ಈ ಸಂಸ್ಥೆ ಒಂದೇ ಒಂದು ನಾಲ್ಕು ಬಾಗಿಲಿನ ಕಾರನ್ನೂ ಮಾರಾಟಕ್ಕೆ ತಂದಿರಲಿಲ್ಲ. 1980ರಲ್ಲಿ ಪಿನಿನ್ ಎಂಬ ನಾಲ್ಕು ಬಾಗಿಲಿನ ಮಾದರಿಯೊಂದು ಪ್ರದರ್ಶನಕ್ಕೆ ಬಂದು ಅಲ್ಲಿಗೇ ನಿಂತಿತ್ತು. ಸಂಸ್ಥೆಯ ಮುಖ್ಯಸ್ಥ ಸೆರ್ಜಿಯೊ ಮಾರ್ಕಿಯೊನ್ನೆ ಅವರು, ಫೆರಾರಿ ಎಸ್.ಯು.ವಿ. ಮಾಡಬೇಕಾದರೆ ಮೊದಲು ತನ್ನನ್ನು ಗುಂಡಿಟ್ಟು ಕೊಲ್ಲಬೇಕಾದೀತು ಎಂಬರ್ಥದ ಮಾತನ್ನು ಆಡಿದ್ದರು. ಅವರೇ 2018ರ ಜನವರಿಯಲ್ಲಿ ಅಂತಹ ವಾಹನ ಬರಲಿದೆಯೆಂದು ಒಪ್ಪಿಕೊಂಡರು. ಅದೇ ಜುಲೈಯಲ್ಲಿ ಅವರು ತೀರಿಕೊಂಡರು. ಉತ್ತರಾಧಿಕಾರಿ ಲೂಯಿ ಕಾಮಿಲೆರಿ ಸೆಪ್ಟೆಂಬರಿನಲ್ಲಿ ವಾಹನದ ಹೆಸರನ್ನು ಸಾರಿದರು: ಪುರೋಸಾಂಗ್ವೆ, ಎಂದರೆ ಶುದ್ಧ ತಳಿಯ ಕುದುರೆ. ಆದರೆ ಇದನ್ನು ಎಸ್.ಯು.ವಿ. ಎಂದು ಕರೆಯುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ.

ಅಂದಿನಿಂದ 2022ರ ಸೆಪ್ಟೆಂಬರ್ 13ರ ಅನಾವರಣದವರೆಗೆ, ಸರಿಯಾಗಿ ನಾಲ್ಕು ವರ್ಷ, ಜಗತ್ತಿನ ಕಾರು ಪ್ರೇಮಿಗಳು ಊಹೆಯ ಮೇಲೆ ಊಹೆ ಕಟ್ಟಿದರು. ಅವರಿಗೆ ಸಿಕ್ಕ ಸುಳಿವುಗಳಾದರೂ ಯಾವುವು?

ಮೊದಲನೆಯದು ಮುಖ್ಯಸ್ಥರ ಮಾತು. ಇದು ಬದಲಾಗುತ್ತದೆಂಬುದಕ್ಕೆ ಮಾರ್ಕಿಯೊನ್ನೆ ಅವರೇ ಸಾಕ್ಷಿ. ವಾಹನ ಬಹುಶಃ 2019ರ ಕೊನೆಗೆ ಇಲ್ಲವೇ 2020ರಲ್ಲಿ ಬರುತ್ತದೆಂದು ಅವರು ಹೇಳಿದ ಕಾಲವೂ ಹುಸಿಯಾಯಿತು.

ಎರಡನೆಯದು ಹೆಸರಿನ ನೋಂದಣಿ. ಇದು ಕಾಗದದ ಮೇಲಿನ ಸಾಕ್ಷಿಯಾದುದರಿಂದ ಹೆಚ್ಚು ನಂಬತಕ್ಕದ್ದು. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ವಿರುದ್ಧ ಹೋರಾಡುವ ಇಟಲಿಯ ಸಂಸ್ಥೆಯೊಂದು ಅದೇ ಹೆಸರನ್ನು ಹೊಂದಿದ್ದು, ತಗಾದೆಯೂ ನಡೆಯಿತು.

ಮೂರನೆಯದು ರಸ್ತೆಯಲ್ಲಿ ಕಂಡ ಪರೀಕ್ಷಾ ವಾಹನಗಳು. ಫೆರಾರಿ ತನ್ನ ಯಂತ್ರಭಾಗಗಳನ್ನು ಮಾಸೆರಾಟಿ ಲೆವಾಂಟೆಯ ಮೈಯೊಳಗೆ ಅಡಗಿಸಿ ಓಡಿಸುತ್ತಿತ್ತು. ಆ ಚಿತ್ರಗಳನ್ನು ನೋಡಿ ಹೊಸ ಕಾರಿನ ಆಕಾರವನ್ನು ಬಣ್ಣಿಸಿದವರು ವೇಷವನ್ನೇ ಮುಖವೆಂದು ತಿಳಿದು ಮೋಸಹೋದರು. ಚಕ್ರಗಳ ನಡುವಣ ಅಂತರವನ್ನೂ ಯಂತ್ರದ ಸದ್ದನ್ನೂ ಗಮನಿಸಿದವರಿಗೆ ನಿಜ ಸ್ವಲ್ಪ ಹೆಚ್ಚಾಗಿ ದಕ್ಕಿತು.

ನಾಲ್ಕನೆಯದು ಕಾಲದ ಒತ್ತಡ. ಹೊಗೆಯ ಕಾನೂನುಗಳು ಬಿಗಿಯಾಗುತ್ತಿರುವಾಗ ಆರು ಇಲ್ಲವೇ ಎಂಟು ಸಿಲಿಂಡರಿನ ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಕೂಡಿಸುತ್ತಾರೆಂಬುದು ಬಹುಮಂದಿಯ ಲೆಕ್ಕ. ತರ್ಕ ಸರಿಯಾಗಿತ್ತು, ಉತ್ತರ ತಪ್ಪಾಯಿತು.

ತೆರೆ ಸರಿದಾಗ

ಬಂದದ್ದು 12 ಸಿಲಿಂಡರಿನ 6.5 ಲೀಟರ್ ಯಂತ್ರ, 725 ಅಶ್ವಶಕ್ತಿ. ವಿದ್ಯುತ್ತಿನ ನೆರವಾಗಲಿ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಆಗಲಿ ಅದಕ್ಕಿರಲಿಲ್ಲ. ನಿಂತಲ್ಲಿಂದ 100 ಕಿಲೋಮೀಟರ್ ವೇಗಕ್ಕೆ 3.3 ಸೆಕೆಂಡು ಸಾಕು. ಪರಮ ವೇಗ ಗಂಟೆಗೆ 310 ಕಿಲೋಮೀಟರಿಗೂ ಮಿಗಿಲು. ಆಸನಗಳು ನಾಲ್ಕು. ಹಿಂಬಾಗಿಲುಗಳು ನಮ್ಮ ಹಳೆಯ ಮನೆಗಳ ಜೋಡಿ ಕದದಂತೆ ಮುಂಬಾಗಿಲಿಗೆ ಎದುರಾಗಿ ತೆರೆದುಕೊಳ್ಳುತ್ತವೆ.

ವಾಲುವ ತೊಂದರೆಗೆ ಕೊಟ್ಟ ಪರಿಹಾರವೇ ಇದರಲ್ಲಿ ಕಲಿಯತಕ್ಕ ಪಾಠ. ಎತ್ತರ 1589 ಮಿಲಿಮೀಟರ್, ಎಸ್.ಯು.ವಿ.ಗಳ ನಡುವೆ ನಿಲ್ಲಿಸಿದರೆ ಕುಳ್ಳೆಂದೇ ಹೇಳಬೇಕು. ಯಂತ್ರವನ್ನು ಮುಂದಿನ ಅಚ್ಚಿನ ಹಿಂದಕ್ಕೆ ಸರಿಸಿ, ಗೇರು ಪೆಟ್ಟಿಗೆಯನ್ನು ಹಿಂದಿಟ್ಟಿದ್ದರಿಂದ ಭಾರ ಮುಂದೆ ನೂರಕ್ಕೆ 49, ಹಿಂದೆ 51 ಎಂದು ಹಂಚಿಕೆಯಾಯಿತು. ಇತರ ಕಾರುಗಳಲ್ಲಿ ವಾಲುವಿಕೆಯನ್ನು ತಡೆಯಲು ಎಡಬಲ ಚಕ್ರಗಳ ನಡುವೆ ಉಕ್ಕಿನ ಸರಳೊಂದಿರುತ್ತದೆ. ಇಲ್ಲಿ ಅದರ ಬದಲು ನಾಲ್ಕು ಚಕ್ರಗಳ ಆಘಾತ ನಿವಾರಕಗಳಿಗೂ 48 ವೋಲ್ಟಿನ ಒಂದೊಂದು ಮೋಟಾರು. ತಿರುವು ಬಂದೊಡನೆ ಇವು ಹೊರಬದಿಯನ್ನು ಎತ್ತಿ ಹಿಡಿಯುತ್ತವೆ, ಕಾರನ್ನು 10 ಮಿಲಿಮೀಟರಿನವರೆಗೆ ಕೆಳಕ್ಕೂ ಇಳಿಸುತ್ತವೆ.

ಇನ್ನೊಂದು ನಿರ್ಧಾರ ಯಂತ್ರಕ್ಕಿಂತಲೂ ಮುಖ್ಯವಾದುದು. ಬೇಡಿಕೆ ಎಷ್ಟೇ ಬರಲಿ, ಸಂಸ್ಥೆಯ ಒಟ್ಟು ಉತ್ಪನ್ನದಲ್ಲಿ ಪುರೋಸಾಂಗ್ವೆಯ ಪಾಲು ನೂರಕ್ಕೆ 20ನ್ನು ಮೀರಕೂಡದೆಂದು ಫೆರಾರಿ ತನಗೆ ತಾನೇ ಗೆರೆ ಎಳೆದುಕೊಂಡಿತು. 2022ರಲ್ಲಿ ಆ ಸಂಸ್ಥೆ ಇಡೀ ಜಗತ್ತಿಗೆ ಒದಗಿಸಿದ ಎಲ್ಲ ಬಗೆಯ ಕಾರುಗಳು 13,221 ಮಾತ್ರ ಎಂಬುದನ್ನು ನೆನೆದರೆ ಆ ಗೆರೆಯ ಬಿಗಿ ಗೊತ್ತಾಗುತ್ತದೆ. ಪೋರ್ಷೆ ಮುಳುಗುವಾಗ ಹೊಳೆ ದಾಟಿತು. ಅದಕ್ಕೆ ಸಂಖ್ಯೆ ಬೇಕಿತ್ತು. ಫೆರಾರಿ ದಡದಲ್ಲಿ ಭದ್ರವಾಗಿ ನಿಂತು ದಾಟಿತು. ಅದಕ್ಕೆ ಹೆಸರು ಉಳಿಯಬೇಕಿತ್ತು. ಒಂದೇ ಸರಕು, ಆದರೆ ಕಾರಣ ಬೇರೆ, ಅಳತೆ ಬೇರೆ.

ನಮಗೇನು?

ನಮ್ಮ ಮನೆಗಳಲ್ಲೂ ಇಂತಹ ಹೊಳೆ ದಾಟಿದ ಕಥೆಗಳಿವೆ. ಹಿರಿಯರು ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗ ಹಿಡಿದಾಗ, ಕೈಯ ಹದ ಕೆಟ್ಟಿತೆಂದು ಮರುಗಿದವರೂ ಇದ್ದರು, ಒಲೆ ಉರಿಯಿತೆಂದು ನಿಟ್ಟುಸಿರು ಬಿಟ್ಟವರೂ ಇದ್ದರು. ಇಬ್ಬರ ಮಾತೂ ನಿಜವೇ. ಇಂದು ಲಾಳಿಯಿಲ್ಲದ ಮಗ್ಗಗಳು ಬಂದಿವೆ. ಕೂಲಿ ನೇಯ್ಗೆಯ ದರಕ್ಕಾಗಿ ಮಗ್ಗ ನಿಲ್ಲಿಸಿ ಕೂರುವ ದಿನಗಳು ಮತ್ತೆ ಮತ್ತೆ ಬರುತ್ತವೆ. ಯಾರೋ ಆಡಿದ ಮಾತನ್ನು ನಂಬಿ ಸಾಲ ಮಾಡಿ ಹೊಸ ಯಂತ್ರ ತಂದವರೂ ಉಂಟು, ಯಾರೋ ಆಡಿದ ಮಾತಿಗೇ ಹೆದರಿ ನಡೆಯುವ ಮಗ್ಗವನ್ನು ಗುಜರಿಗೆ ತೂಗಿದವರೂ ಉಂಟು. ಕಾರಿನ ಊಹೆ ತಪ್ಪಿದರೆ ಅಭಿಮಾನಿಗೆ ನಷ್ಟವೇನೂ ಇಲ್ಲ. ಮಗ್ಗದ ಊಹೆ ತಪ್ಪಿದರೆ ಮಗಳ ಮದುವೆ ಮುಂದಕ್ಕೆ ಹೋಗುತ್ತದೆ, ಮಗನ ಓದು ನಿಲ್ಲುತ್ತದೆ.

ಆದ್ದರಿಂದ ನೋಟುಬುಕ್ಕಿನಲ್ಲಿ ಕಾರು ಬಿಡಿಸುವ ನಮ್ಮ ವಿದ್ಯಾರ್ಥಿಗಳನ್ನು ಗದರಿಸದೆ, ಅವರಿಗೆ ಈ ವಿವೇಕವನ್ನು ಕಲಿಸೋಣ. ಹೇಳಿದ ಮಾತಿಗಿಂತ ಬರೆದ ಕಾಗದ ಮೇಲು. ಹೊರಗಿನ ಮೈಗಿಂತ ಒಳಗಿನ ಅಳತೆ ಮೇಲು. ಎಲ್ಲರೂ ಒಪ್ಪಿದ ಲೆಕ್ಕವೂ ತಪ್ಪಬಹುದು. ಹೊಸದನ್ನು ಮಾಡುವಾಗ ಎಷ್ಟು ಮಾಡಬೇಕೆಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳುವುದು ಎಲ್ಲಕ್ಕಿಂತ ಮೇಲು. ತಮಿಳು ನಾಡಿನ ನಡುವೆ ಕನ್ನಡದ ಅಕ್ಷರ ಕಲಿಸುತ್ತ ಐವತ್ತು ವರ್ಷ ನಡೆದುಬಂದ ಶಾಲೆಗೆ ಈ ಮಾತು ಹೊಸದಾಗಲಾರದು. ಕಾಲಕ್ಕೆ ತಕ್ಕಂತೆ ಬಾಗಿಲುಗಳನ್ನು ಹೆಚ್ಚಿಸಿಕೊಂಡರೂ ತಳಿಯನ್ನು ಕಾಪಾಡಿಕೊಳ್ಳಬಹುದೆಂಬುದಕ್ಕೆ ನಮ್ಮ ಶಾಲೆಯೇ ಸಾಕ್ಷಿಯಾಗಿ, ಮುಂದಿನ ಐವತ್ತು ವರ್ಷವೂ ಬೆಳಗಲೆಂದು ಹಾರೈಸುತ್ತೇನೆ.