ಗುಲಾಬಿ ಒಂದೇ, ಜಗಳ ಎರಡು!

ಹೂಲಿ: ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಬಂಗಾರಕ್ಕಿಂತ ಮೊದಲು ಗೋಡೆಯ ಮಾತು ಬರುತ್ತದೆ. ಸವದತ್ತಿ ಪೇಟೆಯಿಂದ ಬಣ್ಣದ ಕಾರ್ಡು ಬಂತು, ಅದರ ಬೆನ್ನಿಗೇ ಜಗಳವೂ ಬಂತು. "ಹುರಮಂಜಿ ಕಲಸಿದ ಸುಣ್ಣಾನ ಛಲೋ" ಅಂತಾರೆ ಹಿರಿಯರು. "ಈಗ ಯಾರ್ ಹಚ್ಚತಾರ ಅದನ್ನ? ಪೀಚ್ ಹೊಡಸೂಣು" ಅಂತಾರೆ ಮಕ್ಕಳು.

ಎರಡೂ ಗುಲಾಬಿಯೇ, ಎರಡೂ ಬೆಚ್ಚಗಿನ ಬಣ್ಣವೇ. ಆದರೆ ಹುರಮಂಜಿಯದು ಇಟ್ಟಂಗಿಯತ್ತ ವಾಲುವ ಗುಲಾಬಿ. ಪೀಚಿನದು ಹಳದಿಯತ್ತ ವಾಲುವ ಗುಲಾಬಿ. ಹಳದಿ ಬಲ್ಬಿನಡಿ ಪೀಚ್ ಕಿತ್ತಳೆಯಂತೆ ಕಾಣುತ್ತದೆ. ಬಿಳಿ ಎಲ್‌ಇಡಿ ಹಚ್ಚಿದರೆ ಅದೇ ಗೋಡೆ ಸಪ್ಪೆ. ಹುರಮಂಜಿ ಜಾಸ್ತಿ ಬಿದ್ದರೆ ಸಣ್ಣ ಕಿಡಕಿಯ ಖೋಲಿ ಹಗಲಲ್ಲೇ ಕತ್ತಲು. ಅಂಗಡಿಯಲ್ಲಿ ಮೆಚ್ಚಿದ್ದು ಮನೆಯಲ್ಲಿ ಬೇರೆಯಾಗುವ ಗುಟ್ಟು ಇದೇ.

ಹುರಮಂಜಿ ಅಂದರೆ ಕಬ್ಬಿಣದ ತುಕ್ಕಿನ ಜಾತಿಯ ಕೆಂಪು ಮಣ್ಣು. ಕೆಂಪು ಮಣ್ಣಿಗೆ ಹೆಸರಾದ ಹೋರ್ಮುಜ್ ದ್ವೀಪದಿಂದಲೇ ಈ ಹೆಸರು ಬಂದದ್ದು. ಸುಣ್ಣದ ಖಾರಕ್ಕೂ ಬಿಸಿಲಿಗೂ ಇದು ಬಣ್ಣ ಬಿಡುವುದಿಲ್ಲ. ಕುಂದೂ ಉಂಟು: ಅಂಟು ಸಾಲದಿದ್ದರೆ ಒರಗಿದವರ ಅಂಗಿಗೆ ಗುಲಾಬಿ ಹತ್ತುತ್ತದೆ. ಮದುವೆ ಮನೆಯಲ್ಲಿ ಬೀಗರ ಬಿಳಿ ಧೋತರದ ಗತಿ ಏನು?

ಪೀಚ್ ಎಮಲ್ಷನ್ ಅಂಗಿಗೆ ಹತ್ತುವುದಿಲ್ಲ, ಒದ್ದೆ ಅರಿವೆಯಿಂದ ಒರೆಸಬಹುದು. ಸಿಮೆಂಟು ಗಿಲಾವಿನ ಒಣ ಗೋಡೆಗೆ ಅದು ಸರಿಯೇ. ಆದರೆ ಹಳೆಯ ಮಣ್ಣಿನ ಗೋಡೆ ತೇವ ಎಳೆಯುತ್ತದೆ. ಸುಣ್ಣದ ಮೂಲಕ ಆ ತೇವ ಹೊರಗೆ ಆರುತ್ತದೆ. ಎಮಲ್ಷನ್ನಿನ ಪದರು ಅದನ್ನು ತಡೆಯುತ್ತದೆ. ಹಳೆ ಸುಣ್ಣದ ಪುಡಿ ಕೆರೆಯದೆ ಮೇಲೆ ಹೊಡೆದರಂತೂ ಮುಗಿಯಿತು: ಮಳೆಗಾಲಕ್ಕೆ ಗುಳ್ಳೆ, ಆಮೇಲೆ ಹಪ್ಪಳ. ಸಾಲ ತಂದ ರೊಕ್ಕ ನೆಲಕ್ಕೆ ಉದುರಿತು!

ಹಾಗಾದರೆ ಏನು ಮಾಡಬೇಕು? ಡಬ್ಬಿ ಕೊಳ್ಳುವ ಮೊದಲು ಎರಡೂ ಬಣ್ಣವನ್ನು ಎರಡೆರಡು ಅಡಿ ಅಗಲ ಹಚ್ಚಿ. ಒಂದು ಕಿಡಕಿಯ ಎದುರಿನ ಗೋಡೆಗೆ, ಇನ್ನೊಂದು ಕತ್ತಲ ಮೂಲೆಗೆ. ಪೂರ್ತಿ ಒಣಗಲಿ. ಹಸಿ ಸುಣ್ಣ ಕಪ್ಪಗೆ ಕಂಡು, ಒಣಗಿದ ಮೇಲೆ ತಿಳಿಯಾಗುತ್ತದೆ. ಮುಂಜಾನೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರು ಸಲ ನೋಡಿ.

ಗೋಡೆ ಮಣ್ಣಿನದಿದ್ದರೆ ಅಜ್ಜಿಯ ಮಾತು ಕೇಳಿ, ಹುರಮಂಜಿಯನ್ನು ಕೈ ಹಿಡಿದು ಹಾಕಿ. ಗಿಲಾವಿನ ಗೋಡೆಯಿದ್ದರೆ ಮಕ್ಕಳ ಮಾತು ನಡೆಯಲಿ. ಕಾರ್ಡು ಮಾತಾಡುವುದು ಅಂಗಡಿಯಲ್ಲಿ. ಮನೆಯಲ್ಲಿ ಮಾತಾಡುವುದು ಗೋಡೆಯೇ!