ಎಲ್ಲ ಸೊಂಟನೋವೂ ಸೊಂಟದ್ದಲ್ಲ!

ಸೊಂಟನೋವು ಯಾರಿಗಿಲ್ಲ ಹೇಳಿ? ಬಗ್ಗಿ ನೆಲ ಒರೆಸಿದರೆ ನೋವು, ತುಂಬಿದ ಕೊಡ ಎತ್ತಿದರೆ ನೋವು, ಆಫೀಸಿನ ಕುರ್ಚಿಯಲ್ಲಿ ದಿನವಿಡೀ ಕೂತರೂ ನೋವು. 'ಅಯ್ಯೋ, ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಹೋಗ್ತಾರೇನು?' ಎಂದು ಒಂದು ಗುಳಿಗೆ ನುಂಗಿ, ಬಿಸಿನೀರಿನ ಶಾಖ ಕೊಟ್ಟು ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಅಷ್ಟೇ ಸಾಕು ಕೂಡ.

ಆದರೆ ಬೆನ್ನುಮೂಳೆಯಲ್ಲಾಗಲಿ ಸ್ನಾಯುಗಳಲ್ಲಾಗಲಿ ಯಾವ ದೋಷವೂ ಇಲ್ಲದೆ ಬರುವ ಸೊಂಟನೋವೂ ಉಂಟು. ಅಂಥ ನೋವು ತರುವ ಅಪರೂಪದ ಕಾಯಿಲೆಯೊಂದರ ಹೆಸರು ರೆಟ್ರೊಪೆರಿಟೋನಿಯಲ್ ಫೈಬ್ರೋಸಿಸ್. ಹೆಸರು ಕೇಳಿ ಗಾಬರಿಯಾಗಬೇಡಿ. ಬೇಗ ಪತ್ತೆಯಾದರೆ ಚಿಕಿತ್ಸೆಯಿದೆ. ತಡವಾದರೆ ಮಾತ್ರ ಮೂತ್ರಪಿಂಡಕ್ಕೇ ಸಂಚಕಾರ.

ಒಳಗೆ ಆಗುವುದೇನು?

ಸೀರೆಯಂಗಡಿಯವರು ರವಿಕೆಗೆ ಅಸ್ತರು ಕೊಟ್ಟಂತೆ, ನಮ್ಮ ಹೊಟ್ಟೆಯ ಒಳಗೂ ಒಂದು ತೆಳುವಾದ ಪೊರೆಯಿದೆ. ಇದೇ ಪೆರಿಟೋನಿಯಂ. ಅದರ ಹಿಂದೆ, ಬೆನ್ನೆಲುಬಿಗೆ ಒತ್ತಿಕೊಂಡು, ದೇಹದ ಅತಿ ದೊಡ್ಡ ರಕ್ತನಾಳವಾದ ಮಹಾಪಧಮನಿ ಇಳಿದುಬರುತ್ತದೆ. ಅದರ ಎರಡೂ ಪಕ್ಕದಲ್ಲಿ, ಮೂತ್ರಪಿಂಡಗಳಿಂದ ಮೂತ್ರಕೋಶಕ್ಕೆ ಹೋಗುವ ಎರಡು ಸಣ್ಣ ಮೂತ್ರನಾಳಗಳಿವೆ. ಈ ಕಾಯಿಲೆಯಲ್ಲಿ ಮಹಾಪಧಮನಿಯ ಸುತ್ತ ಉರಿಯೂತವೆದ್ದು, ನಾರಿನಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಸುಟ್ಟಗಾಯ ಮಾಯ್ದ ಮೇಲೆ ಚರ್ಮ ಬಿಗಿಯುವುದನ್ನು ನೋಡಿದ್ದೀರಲ್ಲ? ಹಾಗೆಯೇ ಇದು ಮೂತ್ರನಾಳಗಳನ್ನು ಎಳೆದು ಹಿಸುಕುತ್ತದೆ. ಮೂತ್ರ ಕೆಳಗಿಳಿಯಲಾರದೆ ಮೂತ್ರಪಿಂಡ ಊದಿಕೊಂಡು, ಕ್ರಮೇಣ ಕೆಲಸ ನಿಲ್ಲಿಸುತ್ತದೆ.

ಪ್ಯಾರಿಸ್ಸಿನ ವೈದ್ಯ ಅಲ್ಬರಾನ್ ಇದನ್ನು 1905ರಲ್ಲೇ ವರ್ಣಿಸಿದ್ದರು. ಅಮೆರಿಕದ ಜಾನ್ ಆರ್ಮಂಡ್ 1948ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದ ಮೇಲೆ ಇದಕ್ಕೆ 'ಆರ್ಮಂಡ್ ಕಾಯಿಲೆ' ಎಂಬ ಹೆಸರೂ ಬಂತು.

ಯಾರಿಗೆ ಬರುತ್ತದೆ?

ಫಿನ್ಲೆಂಡಿನ ಒಂದು ಗಣನೆಯಲ್ಲಿ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಈ ರೋಗ ಕಂಡಿತ್ತು. ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಆದ್ದರಿಂದ ನಿಮ್ಮ ನೋವಿನ ಜತೆಗೆ ಯಜಮಾನರ ಬೆನ್ನುನೋವಿನ ಮೇಲೂ ಒಂದು ಕಣ್ಣಿರಲಿ. ಬೀಡಿ ಸಿಗರೇಟಿನ ಚಟವಿದ್ದವರಿಗೆ ಅಪಾಯ ಜಾಸ್ತಿ.

ಬಹುಪಾಲು ರೋಗಿಗಳಲ್ಲಿ ಹೊರಗಿನ ಕಾರಣ ಸಿಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿರುತ್ತದೆ. ಕೆಲವರಲ್ಲಿ ಕ್ಯಾನ್ಸರ್, ಕ್ಷಯ, ಹಿಂದೆ ಪಡೆದ ವಿಕಿರಣ ಚಿಕಿತ್ಸೆ ಅಥವಾ ಔಷಧಿ ಕಾರಣವಾಗಬಹುದು. ಅರೆತಲೆನೋವಿಗೆ ಕೊಡುತ್ತಿದ್ದ ಮೆಥಿಸರ್ಜೈಡ್ ಎಂಬ ಗುಳಿಗೆಯಿಂದ ಈ ರೋಗ ಬರುತ್ತದೆಂದು 1960ರ ದಶಕದಲ್ಲೇ ಗೊತ್ತಾಯಿತು. ಆದ್ದರಿಂದ ನೀವು ನುಂಗುವ ಪ್ರತಿ ಗುಳಿಗೆಯ ಹೆಸರನ್ನೂ ವೈದ್ಯರಿಗೆ ಹೇಳಿ.

ಗುರುತಿಸುವುದು ಹೇಗೆ?

ಸಾಧಾರಣ ಸೊಂಟನೋವು ಮಲಗಿದರೆ ಕಡಿಮೆ, ಬಗ್ಗಿದರೆ ಜಾಸ್ತಿ. ಇದು ಹಾಗಲ್ಲ. ಸೊಂಟದಲ್ಲೋ ಪಕ್ಕೆಯಲ್ಲೋ ಕಿಬ್ಬೊಟ್ಟೆಯಲ್ಲೋ ಸದಾ ಮಂದವಾಗಿ ಕಾಡುತ್ತದೆ. ಮಲಗಿದರೂ ಅಷ್ಟೆ, ಕೂತರೂ ಅಷ್ಟೆ. ಜತೆಗೆ ಆಯಾಸ, ಊಟ ಸೇರದಿರುವುದು, ತೂಕ ಇಳಿಯುವುದು, ಸಣ್ಣ ಜ್ವರ, ಕಾಲು ಬಾವು, ಹೊಸದಾಗಿ ರಕ್ತದೊತ್ತಡ ಏರುವುದು ಇರಬಹುದು.

ಇಲ್ಲೊಂದು ಮೋಸವಿದೆ, ಗಮನಿಸಿ. ನೋವಿನ ಗುಳಿಗೆ ನುಂಗಿದರೆ ಈ ನೋವೂ ತಗ್ಗುತ್ತದೆ! 'ಓ, ವಾಸಿಯಾಯಿತು' ಎಂದು ತಿಂಗಳುಗಟ್ಟಲೆ ನುಂಗುತ್ತ ಹೋದರೆ, ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಆ ಗುಳಿಗೆಯೇ ಇನ್ನೊಂದು ಪೆಟ್ಟು. 'ಮೂತ್ರ ಸರಿಯಾಗೇ ಹೋಗ್ತಿದೆಯಲ್ಲ' ಎಂಬ ಸಮಾಧಾನವೂ ಸಲ್ಲದು. ಒಂದು ಕಡೆ ಪೂರ್ತಿ ಕಟ್ಟಿದ್ದರೂ ಇನ್ನೊಂದು ಮೂತ್ರಪಿಂಡ ಆ ಕೆಲಸವನ್ನೂ ತಾನೇ ಮಾಡುತ್ತಿರುತ್ತದೆ.

ಪರೀಕ್ಷೆಗಳು ಮೊದಮೊದಲು ಸರಳ. ರಕ್ತದಲ್ಲಿ ಕ್ರಿಯಾಟಿನಿನ್, ಯೂರಿಯ, ಇಎಸ್‌ಆರ್ ಮತ್ತು ಸಿಆರ್‌ಪಿ ನೋಡುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಮೂತ್ರಪಿಂಡ ಊದಿರುವುದು ಕಾಣುತ್ತದೆ. ಮಹಾಪಧಮನಿಯನ್ನು ಸುತ್ತಿದ ಅಂಗಾಂಶ ತೋರಿಸುವುದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್. ಕ್ಯಾನ್ಸರಿನ ಸಂಶಯವಿದ್ದರೆ ಚೂರು ಅಂಗಾಂಶ ತೆಗೆದು ಪರೀಕ್ಷಿಸುತ್ತಾರೆ. 'ಬಯಾಪ್ಸಿ' ಎಂದೊಡನೆ ಹೆದರಿ ಎದ್ದು ಬರಬೇಡಿ. ಎರಡು ರೋಗಗಳಿಗೂ ಚಿಕಿತ್ಸೆ ಬೇರೆ ಬೇರೆಯಲ್ಲವೆ?

ಚಿಕಿತ್ಸೆ

ಮೊದಲ ಕೆಲಸ ಮೂತ್ರಕ್ಕೆ ದಾರಿ ಮಾಡುವುದು. ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಮೆತ್ತನೆಯ ಸಣ್ಣ ಕೊಳವೆ ಇಡುತ್ತಾರೆ. ಅದು ಸಾಧ್ಯವಾಗದಿದ್ದರೆ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೇ ನಳಿಕೆ ಹಾಕುತ್ತಾರೆ.

ಆಮೇಲೆ ಉರಿಯೂತ ತಣಿಸಲು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ. ಮೊದಲು ಹೆಚ್ಚಿನ ಪ್ರಮಾಣ, ನಂತರ ತಿಂಗಳುಗಟ್ಟಲೆ ನಿಧಾನವಾಗಿ ಇಳಿಕೆ. ಅನೇಕರಿಗೆ ಕೆಲವೇ ದಿನಗಳಲ್ಲಿ ನೋವು ಕಡಿಮೆಯಾಗುತ್ತದೆ. ಟಮಾಕ್ಸಿಫೆನ್ ಎಂಬ ಇನ್ನೊಂದು ಔಷಧಿಯೂ ಬಳಕೆಯಲ್ಲಿದೆ. ಆದರೆ ಇಟಲಿಯ ವೈದ್ಯರು 2011ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಕಾಯಿಲೆ ಮರುಕಳಿಸದಂತೆ ತಡೆಯುವಲ್ಲಿ ಸ್ಟೀರಾಯ್ಡೇ ಮೇಲಾಯಿತು. ಸ್ಟೀರಾಯ್ಡ್ ಒಗ್ಗದವರಿಗೆ ಮೆಥೊಟ್ರೆಕ್ಸೇಟ್, ಮೈಕೊಫಿನೊಲೇಟ್, ರಿಟುಕ್ಸಿಮ್ಯಾಬ್‌ನಂಥ ಔಷಧಿಗಳಿವೆ. ಯಾವುದಕ್ಕೂ ಬಗ್ಗದಿದ್ದರೆ ಶಸ್ತ್ರಕ್ರಿಯೆ ಮಾಡಿ, ಮೂತ್ರನಾಳವನ್ನು ನಾರಿನಿಂದ ಬಿಡಿಸಿ, ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನೇ ಅದಕ್ಕೆ ಸುತ್ತುತ್ತಾರೆ.

ಮನೆಯವರು ಮರೆಯಬಾರದ ಮಾತು

ನೋವು ಹೋಯಿತೆಂದು ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬೇಡಿ, ಪ್ರಾಣಕ್ಕೇ ಅಪಾಯ. ಗುಳಿಗೆಯನ್ನು ತಿಂಡಿಯ ನಂತರ ಕೊಡಿ. ರಕ್ತದ ಸಕ್ಕರೆ, ರಕ್ತದೊತ್ತಡ ಆಗಾಗ ಪರೀಕ್ಷಿಸುತ್ತಿರಿ. ಮನೆಯಲ್ಲಿ ಹಿಂದೆ ಯಾರಿಗಾದರೂ ಕ್ಷಯವಿದ್ದರೆ ಚಿಕಿತ್ಸೆಗೆ ಮೊದಲೇ ಹೇಳಿ, ಸ್ಟೀರಾಯ್ಡಿನಿಂದ ಅಡಗಿದ ಕ್ಷಯ ತಲೆಯೆತ್ತಬಹುದು. ಉಪ್ಪಿನಕಾಯಿ, ಹಪ್ಪಳ, ಸಿಹಿ ಕಡಿಮೆ ಮಾಡಿ. ಮೂಳೆ ಸವೆಯದಂತೆ ಹಾಲು, ರಾಗಿ ಒಳ್ಳೆಯದೇ. ಆದರೆ ಕ್ರಿಯಾಟಿನಿನ್ ಏರಿದ್ದರೆ ಎಷ್ಟು ಕೊಡಬೇಕೆಂದು ವೈದ್ಯರನ್ನೇ ಕೇಳಿ.

ಇನ್ನು ಸ್ಟೆಂಟ್. ಅದು ಒಳಗಿರುವುದು ಹೊರಗೆ ಕಾಣುವುದಿಲ್ಲ, ಹಾಗಾಗಿ ಮರೆತುಹೋಗುವುದು ಸುಲಭ. ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಮರೆತರೆ ಕಲ್ಲುಗಟ್ಟಿ ಮತ್ತೆ ದಾರಿ ಮುಚ್ಚುತ್ತದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನಾಂಕಕ್ಕೊಂದು ಕೆಂಪು ಗುರುತು ಹಾಕಿಡಿ. ಈ ಕಾಯಿಲೆ ವರ್ಷಗಳ ನಂತರವೂ ಮರುಕಳಿಸಬಹುದಾದ್ದರಿಂದ, ಗುಣವಾದ ಮೇಲೂ ರಕ್ತಪರೀಕ್ಷೆ, ಸ್ಕ್ಯಾನ್ ತಪ್ಪಿಸುವಂತಿಲ್ಲ.

ಸೊಂಟನೋವಿದ್ದವರೆಲ್ಲ ನಾಳೆಯೇ ಸ್ಕ್ಯಾನಿಗೆ ಓಡಬೇಕಿಲ್ಲ. ಆದರೆ ಮಲಗಿದರೂ ತಗ್ಗದ ನೋವು ಮೂರು ನಾಲ್ಕು ವಾರ ಬಿಡದಿದ್ದರೆ, ಜತೆಗೆ ಮೈ ಇಳಿಯುತ್ತಿದ್ದರೆ, ಗುಳಿಗೆಯ ಪಟ್ಟಿ ಬದಿಗಿಟ್ಟು ವೈದ್ಯರಲ್ಲಿ ಹೋಗಿ. 'ಡಾಕ್ಟ್ರೇ, ಒಂದು ಸಲ ಕ್ರಿಯಾಟಿನಿನ್ ನೋಡಬಹುದಾ?' ಎಂದು ಕೇಳಲು ಸಂಕೋಚವೇಕೆ? ಆ ಒಂದು ಮಾತಿನಿಂದ ಒಂದು ಮೂತ್ರಪಿಂಡ ಉಳಿಯಬಹುದು.