ಪ್ರಾರ್ಥನೆ ಮುಗಿದರೂ ಏಳದ ವಿದ್ಯಾರ್ಥಿಗಳು

ಬೆಂಗಳೂರಿನ ಸೇಂಟ್ ಜೋಸೆಫ್ಸ್, ಮಂಗಳೂರಿನ ಸೇಂಟ್ ಅಲೋಶಿಯಸ್‌ನಂಥ ಕಾಲೇಜುಗಳಲ್ಲಿ ಓದಿದವರು ನಮ್ಮ ಬಳಗದಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ಪಾದ್ರಿಗಳು ಪಾಠ ಹೇಳುತ್ತಿದ್ದರು, ಕ್ರಿಸ್‌ಮಸ್‌ಗೆ ನಕ್ಷತ್ರ ತೂಗುಹಾಕುತ್ತಿದ್ದರು, ನಮ್ಮ ಪೂಜೆ ಪುನಸ್ಕಾರ ನಮ್ಮ ಪಾಡಿಗೆ ಮನೆಯಲ್ಲಿ ನಡೆಯುತ್ತಿತ್ತು. ಆ ನೆನಪಿನ ಮೇಲೆ ಅಮೆರಿಕದ ‘ಕ್ರಿಶ್ಚಿಯನ್ ಕಾಲೇಜ್’ ಎಂಬ ಮಾತನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಆ ಹೆಸರಿನಡಿ ಕನಿಷ್ಠ ಎರಡು ಬೇರೆ ಬೇರೆ ಲೋಕಗಳಿವೆ.

ಒಂದು, ಚರ್ಚಿನವರು ಕಟ್ಟಿ, ಎಲ್ಲ ಮತದ ಮಕ್ಕಳಿಗೂ ಬಾಗಿಲು ತೆರೆದಿರುವ ವಿಶ್ವವಿದ್ಯಾಲಯಗಳು. ಜೆಸ್ಯೂಟ್ ಪಾದ್ರಿಗಳ ಜಾರ್ಜ್‌ಟೌನ್ (1789) ಇದಕ್ಕೆ ಉದಾಹರಣೆ. ಇಂದು ಅಲ್ಲಿ ಹಿಂದೂ ವಿದ್ಯಾರ್ಥಿಗಳಿಗಾಗಿಯೇ ಒಬ್ಬ ಅರ್ಚಕರಿದ್ದಾರೆ, ‘ಧರ್ಮಾಲಯ’ ಎಂಬ ಪೂಜಾಸ್ಥಳವೂ ಇದೆ. ನಾಟ್ರ ಡೇಮ್‌ನಲ್ಲಿ ಯಾವ ಮತದವರಾದರೂ ದೇವಶಾಸ್ತ್ರದ ಎರಡು ಕೋರ್ಸು ಮುಗಿಸಬೇಕು. ಹಾರ್ವರ್ಡ್ (1636), ಯೇಲ್ (1701) ಕೂಡ ಪಾದ್ರಿಗಳನ್ನು ತಯಾರು ಮಾಡುವ ಉದ್ದೇಶವನ್ನೂ ಇಟ್ಟುಕೊಂಡು ಹುಟ್ಟಿದವು. ಹಾರ್ವರ್ಡ್ 1886ರಲ್ಲಿ, ಯೇಲ್ 1926ರಲ್ಲಿ ಕಡ್ಡಾಯ ಪ್ರಾರ್ಥನೆಯನ್ನು ಕೈಬಿಟ್ಟವು.

ಇನ್ನೊಂದು ಲೋಕವೇ ಈ ಬರಹದ ವಿಷಯ. ಇಲಿನಾಯ್‌ನ ವೀಟನ್, ಕೆಂಟಕಿಯ ಆಸ್ಬರಿ ಮುಂತಾದ ಇವಾಂಜೆಲಿಕಲ್ ಕಾಲೇಜುಗಳಲ್ಲಿ ನಂಬಿಕೆ ಎಂಬುದು ಪಠ್ಯದಾಚೆಯ ಸಂಗತಿಯಲ್ಲ. ವಾರಕ್ಕೆ ಮೂರು ಬೆಳಿಗ್ಗೆ ‘ಚಾಪೆಲ್’ ಅಂದರೆ ಸಾಮೂಹಿಕ ಪ್ರಾರ್ಥನೆ. ಅದಕ್ಕೂ ಹಾಜರಿ. ವೀಟನ್‌ನಲ್ಲಿ ಸೇರುವವರು ಒಂದು ನಡವಳಿಕೆಯ ಒಡಂಬಡಿಕೆಗೆ ಸಹಿ ಹಾಕುತ್ತಾರೆ. ಹಾಸ್ಟೆಲಿನ ಒಂದೊಂದು ಅಂತಸ್ತಿನಲ್ಲೂ ಬೈಬಲ್ ಓದುವ ಪುಟ್ಟ ಗುಂಪುಗಳಿರುತ್ತವೆ. ಕೊನೆಯ ವರ್ಷದ ವಸಂತ ಬರುವಷ್ಟರಲ್ಲಿ ನಿಶ್ಚಿತಾರ್ಥದ ಉಂಗುರ ಬೆರಳಿಗೇರಬೇಕು ಎಂಬ ತಮಾಷೆಯ ಮಾತೂ ಈ ಕಾಲೇಜುಗಳಲ್ಲಿ ಚಾಲ್ತಿಯಲ್ಲಿದೆ. ಮಗಳ ಓದು ಮುಗಿಯುವ ಮೊದಲೇ ಜಾತಕ ಹಿಡಿದು ಓಡಾಡುವ ನಮ್ಮ ಹಿರಿಯರಿಗೆ ಇದೇನೂ ಹೊಸದೆನಿಸಲಾರದು.

ಹಾಗೆಂದು ಇವು ಕಾಲ ನಿಂತ ಊರುಗಳಲ್ಲ. 1860ರಲ್ಲಿ ಶುರುವಾದ ವೀಟನ್‌ನಲ್ಲಿ ವಿದ್ಯಾರ್ಥಿಗಳು ನೃತ್ಯಕೂಟ ನಡೆಸುವಂತಿರಲಿಲ್ಲ. 2003ರಲ್ಲಿ ಒಡಂಬಡಿಕೆಯನ್ನು ತಿದ್ದಿ, ಅದೇ ನವೆಂಬರಿನಲ್ಲಿ ಮೊದಲ ನೃತ್ಯಕೂಟ ನಡೆಯಿತು. ಎಲ್ಲ ಬದಲಾವಣೆಗಳೂ ಇಷ್ಟು ಹಗುರವಾಗಿ ಆಗುವುದಿಲ್ಲ. ಸಿಯಾಟಲ್ ಪೆಸಿಫಿಕ್ ವಿಶ್ವವಿದ್ಯಾಲಯ ಸಲಿಂಗ ಸಂಬಂಧದಲ್ಲಿರುವವರನ್ನು ನೌಕರಿಗೆ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮವನ್ನು ಉಳಿಸಿಕೊಂಡಾಗ, 2022ರಲ್ಲಿ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯ ಹೊರಗೆ ವಾರಗಟ್ಟಲೆ ಧರಣಿ ಕೂತರು. ಪದವಿ ಪ್ರದಾನದ ದಿನ ಕೈಕುಲುಕುವ ಬದಲು ಹಲವರು ಅಧ್ಯಕ್ಷರ ಕೈಗೆ ಕಾಮನಬಿಲ್ಲಿನ ಪುಟ್ಟ ಬಾವುಟ ಕೊಟ್ಟು ಮುಂದೆ ನಡೆದರು. ಪ್ರಶ್ನಿಸುವುದೆಂದರೆ ಮತ ಬಿಡುವುದು ಎಂದು ಹೊರಗಿನವರು ಸುಲಭವಾಗಿ ತೀರ್ಮಾನಿಸುತ್ತಾರೆ. ಧರಣಿ ಕೂತವರಲ್ಲಿ ಅನೇಕರು ತಮ್ಮ ನಂಬಿಕೆಯ ಹೆಸರಿನಲ್ಲೇ ಕೂತಿದ್ದರು.

ಮರುವರ್ಷ ಇದಕ್ಕೆ ತೀರ ಭಿನ್ನವಾದದ್ದು ಆಸ್ಬರಿಯಲ್ಲಿ ನಡೆಯಿತು. ವಿಲ್ಮೋರ್ ಎಂಬ ಆ ಊರಿನ ಜನಸಂಖ್ಯೆ ಸುಮಾರು ಆರು ಸಾವಿರ. 2023ರ ಫೆಬ್ರವರಿ 8, ಬುಧವಾರದ ಚಾಪೆಲ್. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದ ಮೇಲೆ, ಪ್ರೀತಿಯ ಬಗ್ಗೆ, ಒಂದು ಪ್ರಸಂಗ. (ನಮ್ಮ ಕಡೆಯ ಚರ್ಚುಗಳಲ್ಲಿ ಉಪದೇಶಕ್ಕೆ ಇದೇ ಮಾತು, ಯಕ್ಷಗಾನದ ಪ್ರಸಂಗವೇ ಬೇರೆ.) ಪ್ರಸಂಗ ಮಾಡಿದವರಿಗೇ ಅದು ನೀರಸವಾಯಿತೆನಿಸಿ, ಮನೆಗೆ ಬರುತ್ತಿದ್ದೇನೆ ಎಂದು ಹೆಂಡತಿಗೆ ಸಂದೇಶ ಕಳಿಸಿದರಂತೆ. ಆದರೆ ಇಪ್ಪತ್ತಕ್ಕೂ ಕಡಿಮೆ ವಿದ್ಯಾರ್ಥಿಗಳು ಎದ್ದು ಹೋಗಲಿಲ್ಲ. ಹಾಡುತ್ತಾ ಕೂತರು. ಒಬ್ಬ ಎದ್ದುನಿಂತು ತನ್ನ ತಪ್ಪುಗಳನ್ನು ಎಲ್ಲರೆದುರು ಹೇಳಿಕೊಂಡ. ತರಗತಿಗೆ ಹೋದವರು ಸುದ್ದಿ ಕೇಳಿ ಮರಳಿ ಬಂದರು.

ಆ ಹಾಡು ಎರಡು ವಾರಕ್ಕೂ ಹೆಚ್ಚು ನಡೆಯಿತು. ಊರಿನ ಭಜನಾ ಸಪ್ತಾಹ ಕಂಡವರಿಗೆ ಅಹೋರಾತ್ರಿ ಹಾಡುವುದು ಅಚ್ಚರಿಯಲ್ಲ. ಆದರೆ ಸಪ್ತಾಹಕ್ಕೆ ಮೊದಲೇ ದಿನ ಗೊತ್ತುಮಾಡಿ, ಸರದಿ ಹಂಚಿ, ಅಡುಗೆಯವರನ್ನು ಕರೆಸಿರುತ್ತೇವೆ. ಇಲ್ಲಿ ಯಾವ ತಯಾರಿಯೂ ಇರಲಿಲ್ಲ. ಸುಮಾರು 1,500 ಮಂದಿ ಹಿಡಿಸುವ ಹ್ಯೂಸ್ ಸಭಾಂಗಣಕ್ಕೆ ಸುದ್ದಿ ಹರಡಿದಂತೆ ದೇಶವಿದೇಶಗಳಿಂದ ಬಂದವರು ಐವತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು. ಪ್ರಚಾರ ಮಾಡಿದ್ದು ಬಹುಪಾಲು ವಿದ್ಯಾರ್ಥಿಗಳ ಫೋನುಗಳೇ. ವೇದಿಕೆಯ ಮೇಲೆ ಮಾತ್ರ ಹೆಸರುವಾಸಿ ಗಾಯಕರಿಲ್ಲ, ಪರದೆಯಿಲ್ಲ, ಬಣ್ಣದ ದೀಪವಿಲ್ಲ. ಒಂದು ಪಿಯಾನೊ, ಒಂದೆರಡು ಗಿಟಾರ್, ಹಾಡುವ ಮಕ್ಕಳು.

ನನ್ನ ಕುತೂಹಲವಿರುವುದು ಆಮೇಲಿನ ದಿನಗಳ ಮೇಲೆ. ಪವಾಡಕ್ಕಿಂತ ಅಲ್ಲಿನ ಪೇಚಾಟ ಹೆಚ್ಚು ಕಲಿಸುತ್ತದೆ. ಓದಲು ಬಂದ ಮಕ್ಕಳಿಗೆ ತಮ್ಮದೇ ಸಭಾಂಗಣದಲ್ಲಿ ಜಾಗ ಸಿಗಲಿಲ್ಲ. ಹಾಗಾಗಿ ಕೊನೆಯ ದಿನಗಳಲ್ಲಿ ಸಂಜೆಯ ಪ್ರಾರ್ಥನೆಯನ್ನು 25 ವರ್ಷದೊಳಗಿನವರಿಗೆ ಮೀಸಲಿಟ್ಟರು. ಟೀಕೆಗಳನ್ನು ಎದುರಿಸಿಯೂ ವಿಶ್ವವಿದ್ಯಾಲಯ ಸಾರ್ವಜನಿಕ ಪ್ರಾರ್ಥನೆಗಳನ್ನು ನಿಲ್ಲಿಸಿತು: ಸೆಮಿಸ್ಟರ್ ಮುಂದುವರಿಯಬೇಕಿತ್ತು. ಅದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ‘ರಿವೈವಲ್’ ಎಂಬ ದೊಡ್ಡ ಮಾತನ್ನು ಬಳಸಲು ಅಲ್ಲಿನ ಹಲವರು ಹಿಂಜರಿದರು. ಬದುಕು ಬದಲಾಯಿತೇ ಎಂದು ಹೇಳಲು ವರ್ಷಗಳೇ ಬೇಕು, ಸದ್ಯಕ್ಕೆ ಇದು ಬರಿಯ ಸುರಿಮಳೆ ಎಂಬುದು ಅವರ ನಿಲುವು.

ವರ್ಷಗಳು ಕಳೆದ ಮೇಲೆ ಏನಾಗಬಹುದು ಎಂಬುದಕ್ಕೆ ಅದೇ ಕಾಲೇಜಿನ ಹಳೆಯ ಉದಾಹರಣೆ ಭಾರತದ ಕಡೆಗೇ ಕರೆತರುತ್ತದೆ. 1905ರಲ್ಲಿ ಆಸ್ಬರಿಯಲ್ಲಿ ಇಂಥದೇ ಒಂದು ಘಟನೆ ನಡೆದಾಗ ಅಲ್ಲಿ ಓದುತ್ತಿದ್ದವರಲ್ಲಿ ಇ. ಸ್ಟ್ಯಾನ್ಲಿ ಜೋನ್ಸ್ ಒಬ್ಬರು. 1907ರಲ್ಲಿ ಮೆಥಡಿಸ್ಟ್ ಮಿಷನರಿಯಾಗಿ ಅವರು ಭಾರತಕ್ಕೆ ಬಂದರು. ಬಂದದ್ದು ಕಲಿಸಲು; ಕಲಿತದ್ದೂ ಅಷ್ಟೇ. ಪಾಶ್ಚಾತ್ಯ ನಾಗರಿಕತೆಯ ಮೂಟೆಯನ್ನು ಬದಿಗಿಟ್ಟು ಕ್ರಿಸ್ತನ ಮಾತನ್ನಷ್ಟೇ ಭಾರತದ ಮುಂದಿಡಬೇಕು ಎಂದು 1925ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಬೇರೆ ಬೇರೆ ಮತದವರನ್ನು ಒಂದೇ ದುಂಡುಮೇಜಿನ ಸುತ್ತ ಕೂರಿಸಿ, ವಾದ ಬೇಡ, ನಿಮ್ಮ ಬದುಕಿನಲ್ಲಿ ನಂಬಿಕೆ ಏನು ಮಾಡಿದೆ ಹೇಳಿ ಎಂದು ಕೇಳುವ ಪದ್ಧತಿ ಬೆಳೆಸಿದರು. 1930ರಲ್ಲಿ ಕುಮಾವೂಂ ಬೆಟ್ಟಗಳ ಸಾತ್‌ತಾಲ್‌ನಲ್ಲಿ ಆಶ್ರಮ ಕಟ್ಟಿದರು. ಗಾಂಧೀಜಿಯ ಆತ್ಮೀಯರಾಗಿದ್ದ ಜೋನ್ಸ್ 1948ರಲ್ಲಿ ಅವರ ಬಗ್ಗೆ ಬರೆದ ಪುಸ್ತಕ ಮಾರ್ಟಿನ್ ಲೂಥರ್ ಕಿಂಗ್ ಅವರ ಕೈಸೇರಿತು. ಅಹಿಂಸೆಯ ದಾರಿ ಹಿಡಿಯಲು ಆ ಪುಸ್ತಕ ನೆರವಾಯಿತೆಂದು ಕಿಂಗ್ ಜೋನ್ಸರ ಮಗಳಿಗೆ ತಿಳಿಸಿದ್ದರು.

ನಮ್ಮ ಮನೆಗಳಲ್ಲಿ ಅರ್ಜಿ ತುಂಬುವ ಕಾಲಕ್ಕೆ ಹೇಳಬೇಕಾದದ್ದು ಇಷ್ಟು. ಹೆಸರು ನೋಡಿ ಹೆದರುವುದೂ ಬೇಡ, ಹೆಸರು ನೋಡಿ ನಮ್ಮೂರಿನ ಕಾನ್ವೆಂಟಿನಂತೆ ಎಂದುಕೊಳ್ಳುವುದೂ ಬೇಡ. ಚಾಪೆಲ್ ಕಡ್ಡಾಯವೇ, ವಿದ್ಯಾರ್ಥಿಗಳು ಸಹಿ ಹಾಕಬೇಕಾದ ಪತ್ರ ಉಂಟೇ, ಬೇರೆ ಮತದ ಮಕ್ಕಳ ಪ್ರಾರ್ಥನೆಗೆ ಜಾಗವಿದೆಯೇ ಎಂದು ಪ್ರವೇಶ ಕಚೇರಿಗೆ ನೇರವಾಗಿ ಕೇಳಬಹುದು. ಕ್ಯಾಂಪಸ್ ನೋಡಲು ಹೋದಾಗ ಒಂದು ಚಾಪೆಲ್‌ನಲ್ಲಿ ಮಗನ ಅಥವಾ ಮಗಳ ಪಕ್ಕದಲ್ಲೇ ಕೂತು ಬರುವುದಕ್ಕೂ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ.